ಮೂರನೇ ಗುಂಪಿನ ದೇಶದಲ್ಲಿ ಬಾಣಂತನ

ಅರಭಾವಿ

ಹೋದ ಭಾನುವಾರ ನಮ್ಮ ಪಡಸಾಲೆಯಲ್ಲಿ ಒಂದು ಜಗಳವಾಯಿತು. ನನ್ನ ಮಗನ ಮಗ ವೀರೇಶ ಪರೀಕ್ಷೆಗೆಂದು ಸಮಾಜ ವಿಜ್ಞಾನ ಓದುತ್ತಿದ್ದ. ಜಗತ್ತಿನ ದೇಶಗಳನ್ನು ಮೂರು ಗುಂಪು ಮಾಡುತ್ತಾರಂತೆ: ಮುಂದುವರಿದವು, ಮುಂದುವರಿಯುತ್ತಿರುವವು, ಎಲ್ಲಕ್ಕಿಂತ ಹಿಂದುಳಿದವು. ಜನರ ಗಳಿಕೆ ಎಷ್ಟು, ಎಷ್ಟು ಓದಿದ್ದಾರೆ, ಎಷ್ಟು ವರ್ಷ ಬದುಕುತ್ತಾರೆ, ಸರಕಾರ ಎಂಥದು, ಇವನ್ನೆಲ್ಲ ನೋಡಿ ಹಾಗೆ ವಿಂಗಡಿಸುತ್ತಾರಂತೆ. ಮಗಳು ಶೈಲಾಳ ಮಗಳು ನೀಲಾ ಮೂಡಲಗಿಯಿಂದ ಬಂದಿದ್ದಳು. ಅವನ ಬಾಜೂ ಕೂತು ಕೇಳುತ್ತಿದ್ದಳು.

“ಅಣ್ಣಾ, ಯುಗಾಂಡಾ ಯಾವ ಗುಂಪಿನ್ಯಾಗ ಐತಿ?”

“ಮೂರನೇದ್ರಾಗ. ಎಲ್ಲಾರಕಿಂತ ಕಡೀಕ. ನೀ ಅಲ್ಲೇ ಹುಟ್ಟೀದಿ, ನೀನೂ ಮೂರನೇ ಗುಂಪ.”

“ಮತ್ತ ನೀ?”

“ನಂದು ಎರಡನೇದು. ಗೋಕಾಕ ಸರಕಾರಿ ದವಾಖಾನಿ.”

ನೀಲಾ ಅಳಲಿಲ್ಲ. ಅಡುಗೆಮನೆಗೆ ಬಂದು, “ಅಜ್ಜಿ, ನೀ ಅಲ್ಲೇ ಇದ್ದೆಲ್ಲ, ಖರೇನ ಹಂಗೈತೇನು?” ಎಂದು ಕೇಳಿದಳು. ನಾನು ರೊಟ್ಟಿ ತಿರುವಿ ಹಾಕುತ್ತ, “ಹೇಳತೇನಿ ತಡೀ” ಅಂದೆ, ಹೇಳಲಿಲ್ಲ. ಬಾಯಿಂದ ಹೇಳಲು ಹೋದರೆ ನನ್ನ ಮಾತು ನಾಲ್ಕಕ್ಕೇ ನಿಲ್ಲುತ್ತದೆ. ನಾನು ಕೌಜಲಗಿಯ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು. ಮಾಸ್ತರರು ಎದ್ದು ನಿಲ್ಲಿಸಿದರೆ ಉತ್ತರ ಗೊತ್ತಿದ್ದರೂ ದನಿ ಹೊರಡುತ್ತಿರಲಿಲ್ಲ, ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ. ಇದನ್ನೂ ಹಾಗೆಯೇ, ವೀರೇಶ ನೀಲಾ ಇಬ್ಬರೂ ಓದಲೆಂದು, ಬರೆಯುತ್ತಿದ್ದೇನೆ.

ನಾನು ಯುಗಾಂಡಾಕ್ಕೆ ಹೋದದ್ದು ದೇಶ ನೋಡಲು ಅಲ್ಲ, ಶೈಲಾಳ ಬಾಣಂತನಕ್ಕೆ. ಅವಳ ಗಂಡ ಮಹಾಂತೇಶ ಮೂಡಲಗಿಯವರು, ನಿಡಸೋಸಿಯ ಕಾಲೇಜಿನಲ್ಲಿ ಓದಿ ಸಕ್ಕರೆ ಕಾರ್ಖಾನೆ ಸೇರಿದವರು. ನಮ್ಮ ಕಡೆ ಕಾರ್ಖಾನೆಯಲ್ಲಿ ಕೆಲಸ ಕಲಿತವರಿಗೆ ಆಫ್ರಿಕಾದಲ್ಲಿ ಒಳ್ಳೆಯ ಪಗಾರದ ಕೆಲಸ ಸಿಗುತ್ತದೆ. ಹಾಗೆ ಅವರಿಬ್ಬರೂ ಅಲ್ಲಿದ್ದರು. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ಶೈಲಾಳಿಗೆ ರಕ್ತದೊತ್ತಡ ಏರಿ, ಡಾಕ್ಟರು ವಿಮಾನ ಬೇಡವೆಂದರು. ಮಗಳು ಬರುವಂತಿಲ್ಲವೆಂದರೆ ತವರೇ ಅಲ್ಲಿಗೆ ಹೋಗಲಿ ಎಂದು ನನ್ನ ಮಗ ನನಗೆ ಟಿಕೀಟು ಮಾಡಿಸಿದ.

ಹೊರಡುವ ಮೊದಲು ಮಹಾಂತೇಶರ ಅಣ್ಣ ಹುಕ್ಕೇರಿಯಿಂದ ಫೋನು ಮಾಡಿದರು. ಅವರು ಹೈಸ್ಕೂಲು ಮಾಸ್ತರರು.

“ಅತ್ತಿಯವರ, ಅದು ಜಗತ್ತಿನ್ಯಾಗ ಕಡೀ ಪಟ್ಟಿಯೊಳಗಿನ ದೇಶ ಐತ್ರಿ. ಅಲ್ಲಿ ದವಾಖಾನಿ ನಂಬಿ ಕೂಡಬ್ಯಾಡ್ರಿ.”

ನಾನು ಫೋನಿನಲ್ಲಿ ತಲೆ ಅಲ್ಲಾಡಿಸಿದೆ. ಅವರು “ಹಲೋ, ಹಲೋ” ಅಂದರು.

ಎಂಟೆಬೆ

ಬಾಣಂತಿಗೆ ಬೇಕಾದದ್ದೆಲ್ಲ ಕಟ್ಟಿಕೊಂಡಿದ್ದೆ. ಅಜವಾನ, ಅಳವಿ, ಉತ್ತತ್ತಿ, ಒಣಕೊಬ್ಬರಿ, ಮತ್ತೆ ಗೋಕಾಕದ ಪೇಟೆಯಿಂದ ಮಗನ ಕೈಲಿ ತರಿಸಿದ, ಕರದಂಟಿಗೆ ಹಾಕುವ ಒಳ್ಳೆಯ ಅಂಟು. ಎಂಟೆಬೆಯಲ್ಲಿ ವಿಮಾನ ಇಳಿದಾಗ ಅಲ್ಲಿಯ ಅಧಿಕಾರಿಯೊಬ್ಬ ಚೀಲ ಬಿಚ್ಚಿಸಿ ಆ ಅಂಟನ್ನೇ ಹಿಡಿದ. ಒಂದು ಹರಳು ಎತ್ತಿ ಬೆಳಕಿಗೆ ಹಿಡಿದು ನೋಡಿದ. ಇನ್ನೊಬ್ಬನನ್ನು ಕರೆದ. ಅವನೂ ನೋಡಿದ. ಬೆಲೆಬಾಳುವ ಕಲ್ಲು ಅಂದುಕೊಂಡಂತೆ ಕಾಣುತ್ತದೆ. ಏನು ಕೇಳುತ್ತಿದ್ದಾರೋ ನನಗೆ ತಿಳಿಯದು, ತಿಳಿದರೂ ಹೇಳಲು ಬಾರದು. ತಿನ್ನುವ ಪದಾರ್ಥ ಎಂದು ತೋರಿಸಲು ಒಂದು ಹರಳು ಬಾಯಿಗೆ ಹಾಕಿ ಅಗಿದೆ.

ಅಂಟನ್ನು ತುಪ್ಪದಲ್ಲಿ ಅರಳಿಸಿ ತಿನ್ನಬೇಕು. ಹಸಿಯದು ಹಲ್ಲಿಗೆ ಹತ್ತಿ ಬಾಯಿ ಬಿಡಲು ಬರದಂತಾಯಿತು. ನಾನು ಕೈ ಅಡ್ಡ ಹಿಡಿದು ಒದ್ದಾಡುವುದನ್ನು ನೋಡಿ ಇಬ್ಬರೂ ನಕ್ಕರು. ಚೀಲ ಅವರೇ ಕಟ್ಟಿಕೊಟ್ಟರು. ಹೊರಗೆ ನಿಂತಿದ್ದ ಮಹಾಂತೇಶರು “ಆರಾಮ ಬಂದ್ರೇನ್ರಿ ಅತ್ತಿ?” ಎಂದು ಕೇಳಿದಾಗಲೂ ಉತ್ತರ ಕೊಡಲು ಆಗಲಿಲ್ಲ. ನನ್ನ ಸ್ವಭಾವ ಗೊತ್ತಿದ್ದರಿಂದ ಅವರಿಗೇನೂ ಅನಿಸಲಿಲ್ಲ.

ಕಾರ್ಖಾನೆಯ ಊರಿಗೆ ಜೀಪಿನಲ್ಲಿ ದೂರದ ದಾರಿ. ರಸ್ತೆ ನಮ್ಮ ಮೂಡಲಗಿ ರಸ್ತೆಗಿಂತ ಚೆನ್ನಾಗಿತ್ತು, ಅದನ್ನು ಹೇಳಬೇಕು. ಕಂಬಕಂಬಕ್ಕೆ ಒಂದೇ ಮುಖದ ಚಿತ್ರ ಅಂಟಿಸಿದ್ದರು. ಯಾರೆಂದು ಕೇಳಿದೆ. ಮಹಾಂತೇಶರು ಡ್ರೈವರನನ್ನೂ ಕೇಳಿ ಹೇಳಿದರು.

“ಅಧ್ಯಕ್ಷರ್ರಿ. ಈ ಡ್ರೈವರ್ ಹುಟ್ಟಿದಾಗಿಂದ ಅವರೊಬ್ಬರ ಅಂತ.”

“ಚುನಾವಣಿ ಇಲ್ಲೇನ್ರಿ ಇಲ್ಲಿ?”

“ಐತ್ರಿ. ಪ್ರತಿ ಸಲ ಅವರ ಆರಿಸಿ ಬರತಾರ.”

ಊರ ಸೊಸೈಟಿಯ ಚೇರ್ಮನ್ನರ ಹಾಗೆ ಅಂದುಕೊಂಡೆ. ಆದರೆ ಒಂದು ವ್ಯತ್ಯಾಸ ಕಂಡೆ. ಡ್ರೈವರ್ ಆ ಮಾತು ಹೇಳುವಾಗ, ಕಿಟಕಿಯ ಕಾಜು ಏರಿಸಿದ್ದರೂ ದನಿ ಇಳಿಸಿದ್ದ. ನಮ್ಮಲ್ಲಿ ಕಟ್ಟೆಯ ಮೇಲೆ ಕೂತು ಮಂತ್ರಿಗಳನ್ನು ಬೈಯುವವರು ಬಸ್ ಸ್ಟ್ಯಾಂಡಿಗೆ ಕೇಳುವ ಹಾಗೆ ಬೈಯುತ್ತಾರೆ. ಇದು ವೀರೇಶನ ಪುಸ್ತಕದಲ್ಲಿ ಎಲ್ಲಿ ಬರುತ್ತದೋ ಗೊತ್ತಿಲ್ಲ. ಬರಬೇಕು.

ಕಬ್ಬಿನ ಊರು

ಊರು ಸಮೀಪಿಸಿದಂತೆ ಎರಡೂ ಕಡೆ ಕಬ್ಬು. ಮಣ್ಣು ಕೆಂಪು, ಗಾಳಿಯಲ್ಲಿ ಕಾಕಂಬಿಯ ವಾಸನೆ, ಪಾಳಿ ಬದಲಾಗುವಾಗ ಕಾರ್ಖಾನೆಯ ಭೋಂಗಾದ ಕೂಗು. ಕಣ್ಣು ಮುಚ್ಚಿದರೆ ಮನೆಯಲ್ಲೇ ಇದ್ದಂತೆ. ಕಣ್ಣು ತೆರೆದರೆ ಎಲ್ಲ ಕಡೆ ಬಾಳೆ. ಅಲ್ಲಿಯವರು ಬಾಳೆಕಾಯಿಯನ್ನು ಎಲೆಯಲ್ಲಿ ಸುತ್ತಿ ಬೇಯಿಸಿ, ಮೆತ್ತಗೆ ಮಾಡಿ, ಶೇಂಗಾದ ಸಾರಿನ ಜೊತೆ ಉಣ್ಣುತ್ತಾರೆ. ನನಗೆ ಸೇರಿತು. ಖಾರ ಮಾತ್ರ ನಾನೇ ಮೇಲೆ ಹಾಕಿಕೊಳ್ಳುತ್ತಿದ್ದೆ.

ಮೊದಲ ದಿನವೇ ಪಕ್ಕದ ಮನೆಯ ಹೆಂಗಸು ನನ್ನನ್ನು ನೋಡಲು ಬಂದಳು. ಹೊಸ್ತಿಲ ಒಳಗೆ ಬಂದವಳೇ ಎರಡೂ ಮೊಣಕಾಲೂರಿ ನೆಲಕ್ಕೆ ಕೂತಳು. ಏನೋ ಬಿದ್ದದ್ದನ್ನು ಹುಡುಕುತ್ತಿದ್ದಾಳೆಂದು ನಾನೂ ಬಗ್ಗಿ ನೆಲ ನೋಡಿದೆ, ಮಂಚದ ಕೆಳಗೂ ನೋಡಿದೆ. ಶೈಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅವ್ವಾ, ಏನೂ ಕಳದಿಲ್ಲ. ದೊಡ್ಡವರಿಗೆ ಹಂಗ ಶರಣು ಮಾಡ್ತಾರ ಇಲ್ಲಿ.”

ಆಕೆ ನನ್ನನ್ನು ಜಾಜಾ ಎಂದು ಕರೆದಳು. ಅಜ್ಜಿ ಎಂದರ್ಥ. ಆಮೇಲೆ ಊರಿನವರೆಲ್ಲ ಹಾಗೇ ಕರೆದರು. ಅವರ ಯೋಗಕ್ಷೇಮ ಕೇಳುವ ರೀತಿ ನನಗೆ ಬಹಳ ಹಿಡಿಸಿತು. ಒಬ್ಬರು ಕೇಳುತ್ತಾರೆ, ಇನ್ನೊಬ್ಬರು “ಮ್” ಅನ್ನುತ್ತಾರೆ. ಇವರು “ಮ್” ಅಂದರೆ ಅವರೂ “ಮ್” ಅನ್ನುತ್ತಾರೆ. ಹೀಗೆ ಬಹಳ ಹೊತ್ತು. ನನ್ನಂಥವಳಿಗೆ ಹೇಳಿ ಮಾಡಿಸಿದ ಭಾಷೆ.

ಸರಕಾರಿ ದವಾಖಾನೆ ಕಬ್ಬಿನ ಹೊಲಗಳ ಅಂಚಿನಲ್ಲಿತ್ತು. ಹೆರಿಗೆ ಮಾಡಿಸುವ ನರ್ಸಬಾಯಿ ದಪ್ಪನೆಯ, ಗಟ್ಟಿ ದನಿಯ ಹೆಂಗಸು. ಅವಳನ್ನು ಎಲ್ಲರೂ ಮುಸಾವೊ, ಅಂದರೆ ವೈದ್ಯೆ, ಎನ್ನುತ್ತಿದ್ದರು. ಶೈಲಾಳನ್ನು ಪರೀಕ್ಷಿಸಿ, ಹೆರಿಗೆಗೆ ಬರುವಾಗ ಚೀಲ ತರಬೇಕು ಎಂದಳು. ಹಾಸಲು ಪ್ಲಾಸ್ಟಿಕ್ ಹಾಳೆ, ಕೈಗವಸು, ಹೊಸ ಬ್ಲೇಡು, ಹತ್ತಿ, ದಾರ, ಕೂಸಿಗೆ ಅರಿವೆ. ಅಲ್ಲಿ ಬಸುರಿ ಹೆಂಗಸರು ತಿಂಗಳು ಮೊದಲೇ ಈ ಚೀಲ ಕಟ್ಟಿ ಬಾಗಿಲ ಹಿಂದೆ ತೂಗು ಹಾಕಿರುತ್ತಾರೆ. ದವಾಖಾನೆಯಲ್ಲಿ ಇವು ಒಮ್ಮೆ ಇರುತ್ತವೆ, ಒಮ್ಮೆ ಇರುವುದಿಲ್ಲ.

ಮನೆಗೆ ಬರುವ ದಾರಿಯಲ್ಲೇ ಶೈಲಾ ಅವನ್ನು ಕೊಳ್ಳಲು ಹೊರಟಳು. ನಾನು ಅವಳ ಕೈ ಹಿಡಿದೆ.

“ಬ್ಯಾಡ. ಕೂಸು ಹುಟ್ಟೂಕಿಂತ ಮೊದಲ ಅದರ ಸಾಮಾನ ಮನಿಗೆ ತರಬಾರದು.”

“ಅವ್ವಾ, ಇಲ್ಲಿ ತರದಿದ್ರ ಬೈತಾರ.”

“ಹುಟ್ಟಿದ ಮ್ಯಾಲ ತರೂನು.”

ಇದು ನಮ್ಮ ಕಡೆ ಎಲ್ಲರೂ ನಡೆಸುವುದೇ. ನನಗೆ ಮಾತ್ರ ಅದು ಬರೀ ನಡೆಸುವ ಮಾತಾಗಿರಲಿಲ್ಲ. ನನ್ನ ಮೊದಲ ಹೆರಿಗೆಗೆ ಕೌಜಲಗಿಗೆ ಹೋದಾಗ ನನ್ನವ್ವ ಆಸೆಯಿಂದ ಮೊದಲೇ ತೊಟ್ಟಿಲು ತರಿಸಿ, ಕುಂಚಿಗೆ ಹೊಲಿಸಿಟ್ಟಿದ್ದಳು. ಆ ಕೂಸು ಅಳಲೇ ಇಲ್ಲ. ಸೂಲಗಿತ್ತಿ ಬಿಟ್ಟರೆ ಬೇರೆ ಯಾರೂ ಇರಲಿಲ್ಲ, ಮಳೆಗೆ ರಸ್ತೆ ಕಟ್ಟಿತ್ತು. ಆದರೆ ಊರವರು ಹೇಳಿದ್ದು ತೊಟ್ಟಿಲ ಮಾತನ್ನು. ನನ್ನವ್ವ ಸಾಯುವವರೆಗೂ ಅದನ್ನೇ ನಂಬಿದಳು, ನಾನೂ ನಂಬಿದೆ. ಆ ಕಾಲದ ಕೌಜಲಗಿಯನ್ನು ಯಾವ ಗುಂಪಿಗೆ ಹಾಕುತ್ತಿದ್ದರೋ, ಯಾರೂ ಬಂದು ಕೇಳಿರಲಿಲ್ಲ.

ಶೈಲಾಳಿಗೆ ಈ ಕತೆ ಗೊತ್ತಿತ್ತು. ಮನೆಯ ದಾರಿ ಹಿಡಿದಳು. ಮಹಾಂತೇಶರು, “ಅತ್ತಿಯವರು ಹೇಳಿದಂಗ ಆಗ್ಲಿ, ಪೇಟಿ ಎಲ್ಲಿ ಓಡಿ ಹೊಕ್ಕೈತಿ” ಅಂದರು.

ದವಾಖಾನೆ

ನೋವು ಬಂದದ್ದು ಅಂದುಕೊಂಡದ್ದಕ್ಕಿಂತ ಮೊದಲು, ಒಂದು ಭಾನುವಾರ ಬೆಳಿಗ್ಗೆ. ಮಹಾಂತೇಶರು ಪಾಳಿಯಿಂದ ಜೀಪು ತಂದು ನಮ್ಮನ್ನು ದವಾಖಾನೆಯಲ್ಲಿ ಇಳಿಸಿದರು. ಮುಸಾವೊ ಶೈಲಾಳನ್ನು ನೋಡಿದಳು, ನನ್ನ ಕೈ ನೋಡಿದಳು. ಕೈಯಲ್ಲಿ ಬಿಸಿನೀರಿನ ಥರ್ಮಾಸು ಮಾತ್ರ ಇತ್ತು.

ಆಕೆ ಕೇಳಿದ್ದು ಏನೆಂದು ನನಗೆ ಯಾರೂ ಹೇಳಬೇಕಿರಲಿಲ್ಲ. ದವಾಖಾನೆಯ ಕಪಾಟು ತೆರೆದು ತೋರಿಸಿದಳು, ಖಾಲಿ ಇತ್ತು. ಗೇಟಿನ ಎದುರಿನ ಅಂಗಡಿಗೆ ಕೀಲಿ. ಅಂಗಡಿಯವರೆಲ್ಲ ಚರ್ಚಿಗೆ ಹೋಗಿದ್ದರು. ಮಹಾಂತೇಶರು ದೊಡ್ಡ ಪೇಟೆಯಿಂದ ತರುತ್ತೇನೆಂದು ಜೀಪು ತಿರುಗಿಸಿದರು. ಶೈಲಾ ಗೋಡೆ ಹಿಡಿದು ನಿಂತಿದ್ದಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಪಡಸಾಲೆಯ ಚಾಪೆಯ ಮೇಲೆ ಇನ್ನೊಬ್ಬ ತುಂಬು ಬಸುರಿ ಕೂತಿದ್ದಳು. ತೆಳ್ಳಗೆ, ಉದ್ದಕ್ಕೆ ಇದ್ದಳು. ಹೆಸರು ಪ್ರಾಸಿ. ಕಬ್ಬು ಕಡಿಯುವವನ ಹೆಂಡತಿ, ಒಬ್ಬಳೇ ನಡೆದು ಬಂದಿದ್ದಳು. ಅವಳಿಗೂ ನೋವು ಶುರುವಾಗಿತ್ತು, ಇನ್ನೂ ಬಿರುಸಾಗಿರಲಿಲ್ಲ. ಅವಳು ತನ್ನ ಬೆನ್ನ ಹಿಂದಿನ ಚೀಲ ಎಳೆದು ಮುಸಾವೊಳ ಕೈಗೆ ಕೊಟ್ಟಳು.

ಮುಸಾವೊ ತೆಗೆದುಕೊಳ್ಳಲಿಲ್ಲ. ಇಬ್ಬರೂ ಏನೋ ವಾದಿಸಿದರು. ಕೊನೆಗೆ ಪ್ರಾಸಿ ಬೆರಳು ಮಾಡಿ ನನ್ನನ್ನು ತೋರಿಸಿದಳು. ಶೈಲಾ ನೋವಿನ ನಡುವೆ ನನಗೆ ಹೇಳಿದಳು.

“ಅವ್ವಾ, ‘ಯಾವ ಕೂಸು ಮೊದಲ ಬರತೈತಿ ಅದಕ್ಕ ಇದು’ ಅನ್ನಾಕತ್ತಾಳ. ‘ನಿನಗ ಆಮ್ಯಾಲ ಏನು’ ಅಂದ್ರ, ‘ಜಾಜಾ ತರತಾಳ’ ಅಂತ.”

ಹೀಗೆ ನೀಲಾ ಹುಟ್ಟಿದಳು. ಬಾಗಿಲ ಹೊರಗೆ ನಿಂತು ನಾನು ಅವಳ ಅಳು ಕೇಳಿದೆ. ಒಳಗೆ ಕರೆದಾಗ ಅವಳು ಒಂದು ಹಳದಿ ಅರಿವೆಯಲ್ಲಿದ್ದಳು. ಬೇರೊಬ್ಬ ತಾಯಿ ತನ್ನ ಹುಟ್ಟದ ಕೂಸಿಗಾಗಿ ಮೊದಲೇ ಕೊಂಡಿಟ್ಟ ಅರಿವೆ ಅದು. ಶೈಲಾ ಆರಾಮಾಗಿದ್ದಳು.

ನಾನು ಕೂಸಿನ ಮುಖವನ್ನು ಸರಿಯಾಗಿ ನೋಡಿರಲಿಲ್ಲ, ಪಡಸಾಲೆಯಿಂದ ಪ್ರಾಸಿ ನರಳುವುದು ಕೇಳಿಸಿತು. ಈಗ ನೋವು ಬಿರುಸಾಗಿತ್ತು. ಶೈಲಾ ಮಲಗಿದಲ್ಲಿಂದಲೇ ಗಂಡನಿಗೆ ಫೋನು ಮಾಡಿದಳು. ದಾರಿಯಲ್ಲಿ ಕಬ್ಬಿನ ಟ್ರೇಲರ್ ಉರುಳಿ ಅವರು ಆಚೆ ಸಿಕ್ಕಿಕೊಂಡಿದ್ದರು.

“ಅವ್ವಾ, ಆಕಿ ಚೀಲ ಖಾಲಿ ಆತು. ಚರ್ಚ್ ಬಿಟ್ಟೈತಂತ, ಸಂತಿ ಅಂಗಡಿ ತಗದಾವಂತ. ನೀನ ಹೋಗಬೇಕು.”

“ನಾನಾ?”

“ಮತ್ತ ಯಾರು? ನಾ ಏಳಲಾ?”

ಸಂತೆ

ನಿಮ್ಮ ಅಜ್ಜ ಇದ್ದಾಗ ಪೇಟೆ ಅವರೇ ಮಾಡುತ್ತಿದ್ದರು. ನಮ್ಮೂರ ತೋಟಗಾರಿಕೆ ಕಾಲೇಜಿನಲ್ಲಿ ಮಾಲಿ ಕೆಲಸ ಮುಗಿಸಿ ಬರುವಾಗ ಎಲ್ಲ ತಂದುಬಿಡುತ್ತಿದ್ದರು. ಅವರು ಹೋದ ಮೇಲೆ ಮಗ ತಂದ. ಅರಭಾವಿಯಲ್ಲೇ ಅಂಗಡಿಯವರ ಮುಂದೆ ನಿಂತು ಒಂದು ಸಾಮಾನು ಕೇಳಿದವಳಲ್ಲ ನಾನು.

ಬಾಡಿಗೆಗೆ ಹೋಗುವ ಮೋಟರ್ ಸೈಕಲ್ಲಿನವನನ್ನು ಮುಸಾವೊ ಕೂಗಿ ಕರೆದಳು. ಒಂದೇ ಕಡೆ ಕಾಲು ಬಿಟ್ಟು ಕೂತೆ, ಸೆರಗು ಹಲ್ಲಲ್ಲಿ ಕಚ್ಚಿಕೊಂಡೆ. ಪರಪುರುಷನ ಹೆಗಲು ಹಿಡಿಯಬಾರದೆಂದು ಸೀಟಿನ ಅಂಚು ಹಿಡಿದಿದ್ದೆ. ಮೊದಲ ತಗ್ಗಿಗೇ ಹೆಗಲು ಹಿಡಿದೆ.

ಸಂತೆಯೆಂದರೆ ಮರದ ಕೆಳಗೆ ಸಾಲು ಅಂಗಡಿ. ಎಲ್ಲ ಹೆಂಗಸರೇ. ಸೀರೆ ಉಟ್ಟವಳು ಬಂದದ್ದು ಕಂಡು ಮಾತು ನಿಲ್ಲಿಸಿದರು. ನಾನು ಒಬ್ಬಳ ಮುಂದೆ ನಿಂತು ಹೊಟ್ಟೆ ಮುಂದೆ ಕೈಯಿಂದ ದೊಡ್ಡದಾಗಿ ತೋರಿಸಿದೆ. ಆಕೆ ನನ್ನ ವಯಸ್ಸು ನೋಡಿ ಪಕ್ಕದವಳಿಗೆ ಏನೋ ಅಂದಳು, ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗಲ್ಲ ಎಂದು ಕೈ ಆಡಿಸಿದೆ, ಇನ್ನೂ ನಕ್ಕರು. ಬೆರಳಿಗೆ ಒಂದೊಂದಾಗಿ ಕೈಗವಸು ಏರಿಸಿದಂತೆ ಮಾಡಿದೆ. ಆಗ ಆಕೆಯ ಮುಖ ಬದಲಾಯಿತು. “ಮುಸಾವೊ?” ಅಂದಳು. “ಮ್” ಅಂದೆ. ಅದೊಂದು ಬರುತ್ತಿತ್ತು.

ಆಕೆ ಅಂಗಡಿ ಬಿಟ್ಟು ಎದ್ದಳು. ನನ್ನ ಕೈ ಹಿಡಿದು ಒಂದೊಂದು ಕಡೆ ನಿಲ್ಲಿಸಿ ಹಾಳೆ, ಕೈಗವಸು, ಬ್ಲೇಡು, ಹತ್ತಿ, ದಾರ ತೆಗೆಸಿದಳು. ಕಡೆಗೆ ಅರಿವೆಯ ಅಂಗಡಿ. ಕೂಸಿನ ಅರಿವೆಗಳನ್ನು ನನ್ನ ಮುಂದೆ ಹರಡಿ, ಆರಿಸು ಎಂದು ಕೈ ಮಾಡಿದಳು.

ಅಲ್ಲಿ ನನ್ನ ಕೈ ನಿಂತಿತು. ಬ್ಲೇಡು, ಹತ್ತಿ ಇವು ದವಾಖಾನೆಯ ಸಾಮಾನು ಎಂದು ಮನಸ್ಸಿಗೆ ಹೇಳಿಕೊಂಡಿದ್ದೆ. ಇದು ಕೂಸಿನದು. ಹುಟ್ಟದ ಕೂಸಿಗೆ ನಾನು ಕೈಯಾರೆ ಅರಿವೆ ಆರಿಸಿ, ಅದಕ್ಕೆ ಏನಾದರೂ ಆದರೆ? ಅರಿವೆ ಬಿಟ್ಟು ಉಳಿದದ್ದು ಒಯ್ದರೆ ನಡೆಯುತ್ತದೆ, ಹುಟ್ಟಿದ ಮೇಲೆ ಬಂದು ಒಯ್ಯಬಹುದು ಅನಿಸಿತು. ಆದರೆ ಪ್ರಾಸಿ ಕೊಟ್ಟ ಚೀಲದಲ್ಲಿ ಅರಿವೆ ಇತ್ತು. ನೀಲಾ ಅದರಲ್ಲೇ ಸುತ್ತಿಕೊಂಡು ಮಲಗಿದ್ದಳು, ಅವಳಿಗೇನೂ ಆಗಿರಲಿಲ್ಲ.

ಹಸಿರು ಗೀರಿನದೊಂದು ಎತ್ತಿದೆ. ಶೈಲಾ ಕೊಟ್ಟಿದ್ದ ನೋಟುಗಳನ್ನು ಆಕೆಯ ಮುಂದೆ ಹಿಡಿದೆ, ಬೇಕಾದ್ದು ತೆಗೆದುಕೊಂಡು ಉಳಿದದ್ದನ್ನು ನನ್ನ ಮುಷ್ಟಿಯಲ್ಲೇ ಮಡಚಿದಳು.

ಮತ್ತೆ ದವಾಖಾನೆ

ಪ್ರಾಸಿಯನ್ನು ಒಳಗೆ ಒಯ್ದಾಗಿತ್ತು. ಮುಸಾವೊ ಬಾಗಿಲಲ್ಲೇ ಚೀಲ ಕಿತ್ತುಕೊಂಡಳು. ನಾನು ಪ್ರಾಸಿಯ ಚಾಪೆಯ ಮೇಲೆ ಕೂತೆ.

ಕೂಸು ಹುಟ್ಟಿದ್ದು ಗೊತ್ತಾಯಿತು, ಪ್ರಾಸಿಯ ನರಳಿಕೆ ನಿಂತಿತು. ಅಳು ಕೇಳಲಿಲ್ಲ. ಮುಸಾವೊಳ ಗಟ್ಟಿ ದನಿ ಎರಡು ಮಾತು ಆಡಿ ಅದೂ ನಿಂತಿತು. ನಾನು ಕೊರಳಲ್ಲಿನ ಲಿಂಗವನ್ನು ಸೆರಗಿನೊಳಗೇ ಹಿಡಿದುಕೊಂಡೆ. ಏನನ್ನೂ ಬೇಡಿಕೊಳ್ಳಲು ಆಗಲಿಲ್ಲ. ಆ ಹಸಿರು ಗೀರಿನ ಅರಿವೆಯೇ ಕಣ್ಣ ಮುಂದೆ ಇತ್ತು. ಒಳಗೆ ಮಲಗಿದ್ದ ಶೈಲಾ ನನ್ನನ್ನು ಕರೆದಳು, ನಾನು ಏಳಲಿಲ್ಲ.

ಆಮೇಲೆ ಒಂದು ಸಣ್ಣ ಕೆಮ್ಮಿನಂಥ ಸದ್ದು. ಅದರ ಹಿಂದೆಯೇ ಅಳು.

ಕರುಳುಬಳ್ಳಿ ಕುತ್ತಿಗೆಗೆ ಸುತ್ತಿತ್ತಂತೆ. ಕೈಗವಸು ಹಾಕಿಕೊಳ್ಳುತ್ತಲೇ ಮುಸಾವೊ ಅದನ್ನು ಬಿಡಿಸಿದಳಂತೆ. ಗಂಡು ಕೂಸು. ಬಾಗಿಲು ತೆರೆದು ನನ್ನನ್ನು ಒಳಗೆ ಕರೆದಳು. ನಾನು ತಂದ ಅರಿವೆಯನ್ನು ನನ್ನ ಎರಡೂ ಕೈಗಳ ಮೇಲೆ ಹರಡಿ, ಅದರ ಮೇಲೆ ಕೂಸನ್ನು ಇಟ್ಟಳು. ಅದರ ತಲೆ ಇನ್ನೂ ಒದ್ದೆಯಾಗಿತ್ತು. ಬೆಚ್ಚಗಿತ್ತು. ನಾನು ಸುತ್ತಿ ಅದರ ತಾಯಿಗೆ ಕೊಟ್ಟೆ.

ಅಂದು ಹುಕ್ಕೇರಿಯ ಮಾಸ್ತರರು ಫೋನು ಮಾಡಿ, “ದವಾಖಾನಿ ಹೆಂಗಿತ್ರಿ ಅತ್ತಿಯವರ?” ಎಂದು ಕೇಳಿದರು.

“ಕಪಾಟಿನ್ಯಾಗ ಏನೂ ಇರಲಿಲ್ರಿ” ಅಂದೆ.

“ನಾ ಹೇಳಿದ್ದೆಲ್ರಿ.”

“ಆದ್ರ ಮಂದಿ ಇದ್ದರ್ರಿ” ಅಂದೆ. ಅವರೊಡನೆ ನಾನಾಗಿ ಆಡಿದ ಮೊದಲ ಮಾತು ಅದು. ಅವರು ಕೂಸಿನ ತೂಕ ಕೇಳಿದರು.

ವೀರೇಶ, ನಿನ್ನ ಪುಸ್ತಕದಲ್ಲಿರುವುದು ಸುಳ್ಳಲ್ಲ. ನೀನು ಹುಟ್ಟುವಾಗ ಗೋಕಾಕದಲ್ಲಿ ನಾವು ಒಂದು ಬ್ಲೇಡನ್ನೂ ಒಯ್ಯಬೇಕಿರಲಿಲ್ಲ, ಎಲ್ಲ ಅಲ್ಲೇ ಇದ್ದವು. ಅದು ದೊಡ್ಡ ಸಂಗತಿ. ನನ್ನ ಮೊದಲ ಕೂಸಿನ ಕಾಲಕ್ಕೆ ಅಷ್ಟಿದ್ದಿದ್ದರೆ ಅದೂ ಉಳಿಯುತ್ತಿತ್ತು ಎಂದು ಈಗ ನನಗೆ ಅನಿಸುತ್ತದೆ. ತೊಟ್ಟಿಲು ಏನೂ ಮಾಡಿರಲಿಲ್ಲ. ಪರೀಕ್ಷೆಯಲ್ಲಿ ಮೂರನೇ ಗುಂಪು ಎಂದೇ ಬರೆ. ಆದರೆ ಅದು ಕಪಾಟುಗಳ ಲೆಕ್ಕ. ನಿನ್ನ ತಂಗಿಯನ್ನು ಅದರಲ್ಲಿ ಸೇರಿಸಬೇಡ.

ಮರುದಿನ

ಅಲ್ಲಿ ಹೆತ್ತವರನ್ನು ಬಹಳ ದಿನ ಇಟ್ಟುಕೊಳ್ಳುವುದಿಲ್ಲ. ಮರುದಿನ ಬೆಳಿಗ್ಗೆಯೇ ಪ್ರಾಸಿ ಹೊರಟು ನಿಂತಳು. ಅವಳ ಗಂಡ ಮೋಟರ್ ಸೈಕಲ್ ಬಾಡಿಗೆಗೆ ತಂದಿದ್ದ. ಹಳದಿ ಅರಿವೆಯನ್ನು ಒಗೆದು ಮಡಚಿ ಕೊಡಲು ಹೋದೆ. ಅವಳು ನೀಲಾಳ ಕಡೆ ಕೈ ತೋರಿಸಿ, ತನ್ನ ಎದೆಯ ಮೇಲಿನ ಕೂಸಿಗೆ ಸುತ್ತಿದ್ದ ಹಸಿರು ಗೀರಿನ ಅರಿವೆಯನ್ನು ತಟ್ಟಿದಳು. ಅಲ್ಲಿಗೆ ಅದು ಮುಗಿಯಿತು.

ನನಗೆ ಮುಗಿಯಲಿಲ್ಲ. ಹಸಿ ಬಾಣಂತಿ, ತಲೆಗೆ ಏನೂ ಇಲ್ಲದೆ, ಕಿವಿ ತೆರೆದುಕೊಂಡು, ಗಾಳಿಯಲ್ಲಿ ಮೋಟರ್ ಸೈಕಲ್ಲಿನ ಮೇಲೆ. ನಮ್ಮಲ್ಲಿ ಬಾಣಂತಿಯ ಕಿವಿಗೆ ಗಾಳಿ ಸೋಕಿದರೆ ಮನೆಯವರೆಲ್ಲ ಬೈಸಿಕೊಳ್ಳುತ್ತಾರೆ. ನನ್ನ ಹೆಗಲ ಮೇಲಿದ್ದ ಟವೆಲ್ಲು ತೆಗೆದು, ಕೇಳದೆಯೇ ಅವಳ ತಲೆಗೆ ಸುತ್ತಿ, ಎರಡೂ ಕಿವಿ ಮುಚ್ಚುವಂತೆ ಬಿಗಿದು ಗದ್ದದ ಕೆಳಗೆ ಗಂಟು ಹಾಕಿದೆ.

ಗಂಡ ನಕ್ಕ. ಮುಸಾವೊ ನಕ್ಕಳು. ಶೈಲಾ ಕಿಟಕಿಯಿಂದ, “ಅವ್ವಾ, ಇಲ್ಲಿ ಸೆಕಿ ಐತಿ, ಬಿಡ ಆಕೀನ” ಅಂದಳು. ಪ್ರಾಸಿ ನಗಲಿಲ್ಲ. ನಿಂತಲ್ಲಿಯೇ ಮೊಣಕಾಲು ಮಡಿಸಲು ಹೋದಳು. ಹೆತ್ತ ಮೈ ಬಗ್ಗಬಾರದೆಂದು ನಾನು ಅವಳ ರಟ್ಟೆ ಹಿಡಿದು ನಿಲ್ಲಿಸಿದೆ.

ಕಬ್ಬಿನ ಹೊಲದ ನಡುವಿನ ದಾರಿ ನೆಟ್ಟಗಿತ್ತು, ದೂರದವರೆಗೂ ಕಾಣುತ್ತಿತ್ತು. ಅಲ್ಲಿಯವರೆಗೂ ಆಕೆ ಟವೆಲ್ಲು ಬಿಚ್ಚಲಿಲ್ಲ. ತಿರುವಿನ ಆಚೆ ಬಿಚ್ಚಿರಬಹುದು. ಸೆಕೆ ಬಹಳ ಇತ್ತು.